ಉಜಿಜಿ: ದಾರಿ ಮುಗಿಯುತ್ತಿದ್ದ ಊರು

ಇತಿಹಾಸದ ಮೇಷ್ಟರಾಗಿದ್ದ ವರ್ಷಗಳಲ್ಲಿ ಲಿವಿಂಗ್‌ಸ್ಟನ್‌ರನ್ನು ಸ್ಟ್ಯಾನ್ಲಿ ಹುಡುಕಿಕೊಂಡು ಹೋದ ಕಥೆಯನ್ನು ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ. 1871ರಲ್ಲಿ ಅವರಿಬ್ಬರು ಭೇಟಿಯಾದದ್ದು ಉಜಿಜಿಯಲ್ಲಿ. ಮಕ್ಕಳಿಗೆ ಭೇಟಿ ನೆನಪಿರುತ್ತದೆ, ಊರು ಮರೆತುಹೋಗುತ್ತದೆ. ಆದ್ದರಿಂದ ಈ ಸಂಚಿಕೆಗೆ ಊರಿನ ಬಗ್ಗೆಯೇ ಬರೆಯುತ್ತಿದ್ದೇನೆ.

ಭೂಪಟದಲ್ಲಿ ಟಾಂಜಾನಿಯಾದ ಪಶ್ಚಿಮದ ಅಂಚು ನೋಡಿ. ಅಲ್ಲಿ ಉತ್ತರ-ದಕ್ಷಿಣವಾಗಿ ಸುಮಾರು 670 ಕಿ.ಮೀ. ಉದ್ದಕ್ಕೆ ಟಾಂಗನೀಕಾ ಸರೋವರ ಮಲಗಿದೆ. ಭೂಮಿ ಬಿರಿದು ಉಂಟಾದ ಕಣಿವೆಯಲ್ಲಿ ನೀರು ನಿಂತದ್ದರಿಂದ ಅಗಲ ಕಡಿಮೆ, ಆಳ ಮಾತ್ರ ಸುಮಾರು 1,470 ಮೀಟರ್. ಅದರ ಪೂರ್ವ ದಡದಲ್ಲಿದೆ ಉಜಿಜಿ.

ಹಿಂದೂ ಮಹಾಸಾಗರದ ದಡದ ಬಗಮೋಯೊದಿಂದ ಹೊರಟ ವ್ಯಾಪಾರದ ದಾರಿ ಟಬೋರಾ ದಾಟಿ ಇಲ್ಲಿಗೆ ಬಂದು ಮುಗಿಯುತ್ತಿತ್ತು. ಮುಂದೆ ದೋಣಿ. ಒಳನಾಡಿನ ತ್ಸೆತ್ಸೆ ನೊಣ ಕಚ್ಚಿದರೆ ಎತ್ತು, ಕುದುರೆ ಉಳಿಯುತ್ತಿರಲಿಲ್ಲ. ಹಾಗಾಗಿ ಸರಕೆಲ್ಲ ಮನುಷ್ಯರ ತಲೆ, ಹೆಗಲ ಮೇಲೆಯೇ ಸಾಗಬೇಕಿತ್ತು. ಕರಾವಳಿಯಿಂದ ಬಟ್ಟೆ, ಮಣಿ, ತಂತಿ ಬರುತ್ತಿದ್ದವು. ಒಳನಾಡಿನಿಂದ ಆನೆದಂತ ಹೋಗುತ್ತಿತ್ತು, ಅದರ ಜೊತೆಗೆ ಗುಲಾಮರೂ ಹೋಗುತ್ತಿದ್ದರು. ಉಜಿಜಿಯ ಸಂತೆಯಲ್ಲಿ ಮಣಿಗಳೇ ಚಿಲ್ಲರೆ ಹಣ. ಈ ವ್ಯಾಪಾರಕ್ಕೆ ಸಾಲ ಕೊಟ್ಟವರಲ್ಲಿ ಜಂಜಿಬಾರಿನ ಗುಜರಾತಿ ಸಾಹುಕಾರರೂ ಇದ್ದರು. ಗುಲಾಮಗಿರಿಯ ಪಾಠ ಮಾಡುವಾಗ ನಾವು ಯುರೋಪಿನವರನ್ನೂ ಅರಬರನ್ನೂ ಹೆಸರಿಸಿ ಸುಮ್ಮನಾಗುತ್ತೇವೆ. ಅದು ಪೂರ್ತಿ ಲೆಕ್ಕವಲ್ಲ.

ಆ ಲೆಕ್ಕದಲ್ಲಿ ಬರುವ ಒಬ್ಬ ಮನುಷ್ಯನ ಕಥೆ ಹೇಳಲೇಬೇಕು. ಯಾವೊ ಬುಡಕಟ್ಟಿನ ಒಬ್ಬ ಹುಡುಗನನ್ನು ಹಿಡಿದು ಮಾರಿದರು. ಭಾರತೀಯ ವ್ಯಾಪಾರಿಯೊಬ್ಬ ಕೊಂಡು ನಮ್ಮ ದೇಶದ ಪಶ್ಚಿಮ ಭಾಗಕ್ಕೆ ಕರೆತಂದ. ಯಜಮಾನ ಸತ್ತಮೇಲೆ ಬಿಡುಗಡೆ ಹೊಂದಿ ಆಫ್ರಿಕಕ್ಕೆ ಮರಳಿದ ಆತನೇ ಸಿದಿ ಮುಬಾರಕ್ ಬಾಂಬೆ. ಹೆಸರಿನ ಹಿಂದಿರುವ ಸಿದಿ ಎಂಬುದೇ ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಹೆಸರೂ ಹೌದು.

ಬರ್ಟನ್ ಮತ್ತು ಸ್ಪೀಕ್ 1857ರ ಜೂನ್‌ನಲ್ಲಿ ಕರಾವಳಿ ಬಿಟ್ಟು 1858ರ ಫೆಬ್ರವರಿಯಲ್ಲಿ ಉಜಿಜಿ ಮುಟ್ಟಿದಾಗ ಬಾಂಬೆ ಜೊತೆಗಿದ್ದ. ಬರ್ಟನ್‌ಗೆ ನಡೆಯಲಾಗುತ್ತಿರಲಿಲ್ಲ. ಸ್ಪೀಕ್‌ಗೆ ಕಣ್ಣು ಬೇನೆ. ಅಷ್ಟು ದೂರ ಬಂದು ಸರೋವರ ಸರಿಯಾಗಿ ಕಾಣಲಿಲ್ಲ! ಸ್ಪೀಕ್ ಬಾಂಬೆಯ ಜೊತೆ ಮಾತಾಡುತ್ತಿದ್ದದ್ದು ಹಿಂದುಸ್ತಾನಿಯಲ್ಲಿ. ಹದಿಮೂರು ವರ್ಷಗಳ ನಂತರ ಸ್ಟ್ಯಾನ್ಲಿಯ ಆಳುಗಳ ಮುಖಂಡನಾಗಿ ಉಜಿಜಿಗೆ ಬಂದವನೂ ಇದೇ ಬಾಂಬೆ. ನಮ್ಮ ಕಥೆಯಲ್ಲಿ ಇಬ್ಬರು ಬಿಳಿಯರು ಟೋಪಿ ಎತ್ತುತ್ತಾರೆ. ಎರಡು ಸಲವೂ ದಾರಿ ನಡೆದ ಇವನು ಇರುವುದಿಲ್ಲ. ಊರ ಹೊರಗೇ ಓಡಿಬಂದು ಸ್ಟ್ಯಾನ್ಲಿಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ ಲಿವಿಂಗ್‌ಸ್ಟನ್‌ರ ಸೇವಕ ಸೂಸಿಯೂ ಇರುವುದಿಲ್ಲ.

1873ರಲ್ಲಿ ಜಂಜಿಬಾರಿನ ಗುಲಾಮರ ಮಾರುಕಟ್ಟೆ ಮುಚ್ಚಿತು. ಕದ್ದುಮುಚ್ಚಿ ನಡೆಯುವ ವ್ಯಾಪಾರ ಮುಂದೆಯೂ ಕೆಲ ಕಾಲ ಇತ್ತು. ಅಷ್ಟರಲ್ಲಿ ನೀರೂ ಉಜಿಜಿಯಿಂದ ಹಿಂದೆ ಸರಿಯತೊಡಗಿತು. ಸರೋವರದಿಂದ ನೀರು ಹೊರಹೋಗುವುದು ಎದುರು ದಡದ ಲುಕುಗಾ ನದಿಯೊಂದರಿಂದಲೇ. ಹೂಳು, ಜೊಂಡು ತುಂಬಿ ಕಟ್ಟಿಕೊಂಡಿದ್ದ ಅದರ ಬಾಯಿ 1870ರ ದಶಕದ ಕೊನೆಗೆ ಒಡೆದು, ಸರೋವರದ ಮಟ್ಟ ಹಲವು ಮೀಟರ್ ಇಳಿಯಿತು. ಇಂದು ಭೇಟಿಯ ಸ್ಮಾರಕ ದಡದಿಂದ ದೂರದಲ್ಲಿದೆ.

ದೊಡ್ಡ ಪೆಟ್ಟು ರೈಲಿನದು. ದಾರ್-ಎಸ್-ಸಲಾಮ್‌ನಿಂದ ಜರ್ಮನರು ಹಾಕಿದ ಸುಮಾರು 1,250 ಕಿ.ಮೀ. ಹಳಿ 1914ರಲ್ಲಿ ಸರೋವರ ಮುಟ್ಟಿತು, ಆದರೆ ಉಜಿಜಿಯಲ್ಲಲ್ಲ. ಕೆಲವೇ ಕಿಲೋಮೀಟರ್ ಆಚೆಯ ಕಿಗೋಮಾದಲ್ಲಿ ಗಾಳಿಗೆ ಮರೆಯಾದ ಆಳದ ಕೊಲ್ಲಿ ಇತ್ತು. ಹಡಗು ನಿಲ್ಲಲು ಅದೇ ಅನುಕೂಲ. ಜರ್ಮನಿಯಲ್ಲಿ ಕಟ್ಟಿ, ಬಿಚ್ಚಿ, ಪೆಟ್ಟಿಗೆಗಳಲ್ಲಿ ತಂದ ಗೊಟ್ಜೆನ್ ಹಡಗನ್ನು ಮತ್ತೆ ಜೋಡಿಸಿ 1915ರಲ್ಲಿ ನೀರಿಗಿಳಿಸಿದ್ದೂ ಅಲ್ಲೇ. ಯುದ್ಧದಲ್ಲಿ ಜರ್ಮನರೇ ಅದನ್ನು ಮುಳುಗಿಸಿದರು. ಬ್ರಿಟಿಷರು ಎತ್ತಿ, 1927ರಲ್ಲಿ ಲಿಯೆಂಬಾ ಎಂಬ ಹೆಸರಿನಲ್ಲಿ ಮತ್ತೆ ಓಡಿಸಿದರು. ಕಚೇರಿ, ಗೋದಾಮು, ಬಂದರು ಕಿಗೋಮಾದ ಪಾಲಾದವು.

ಉಜಿಜಿ ಹಾಳುಬೀಳಲಿಲ್ಲ. ಸುತ್ತಲಿನ ಜಿಲ್ಲೆಯಲ್ಲಿ ತಾಳೆ ಎಣ್ಣೆಯಿದೆ, ಸರೋವರದಲ್ಲಿ ಬೆರಳುದ್ದದ ದಗಾ ಮೀನಿದೆ. ಇದನ್ನು ಹಿಡಿಯುವುದು ರಾತ್ರಿ, ದೀಪದ ಬೆಳಕಿಗೆ ಮೀನು ಮೇಲೆ ಬಂದಾಗ. ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳದಿಂಗಳಿಗೆ ದೀಪ ಮಂಕಾಗುವುದರಿಂದ ದೋಣಿಗಳಿಗೆ ಬಿಡುವು. ಬೆಳಗ್ಗೆ ದಡದಲ್ಲಿ ಹರವಿ ಬಿಸಿಲಿಗೆ ಒಣಗಿಸಿದ ಮೀನನ್ನು ಮೂಟೆ ಕಟ್ಟಿ, ಕಿಗೋಮಾದಿಂದ ರೈಲಿನಲ್ಲಿ ದೂರದ ಪೇಟೆಗಳಿಗೆ ಕಳಿಸುತ್ತಾರೆ.