ಒಳಾಂಗಣ ಗಾಳಿಯ ರಾಸಾಯನಿಕ ಆವಿಗಳ ಮಾಪನ

ಬಣ್ಣ, ಅಂಟು, ಪ್ಲೈವುಡ್, ಧೂಪಗಳಿಂದ ಕೋಣೆಯ ಗಾಳಿಗೆ ಸೇರುವ ಬಾಷ್ಪಶೀಲ ಸಾವಯವ ಸಂಯುಕ್ತಗಳನ್ನು ಗುರುತಿಸಿ ಅಳೆಯಲು ಹಲವು ವಿಧಾನಗಳಿವೆ. ಮಸ್ಕತ್‌ನ ಸೀಬ್ ವಿಲಾಯತ್ತಿನ ಕರಾವಳಿ ಪ್ರದೇಶ ಅಲ್ ಹೈಲ್‌ನಂಥ ಕಡೆ ಬಿರುಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಎ.ಸಿ. ಹಾಕುತ್ತಾರೆ, ಒಮಾನಿ ಮನೆಗಳಲ್ಲಿ ಲುಬಾನ್, ಬಖೂರ್ ಎಂಬ ಧೂಪಗಳ ಹೊಗೆ ಹಾಕುವ ರೂಢಿಯೂ ಇದೆ. ಹೊರಗಾಳಿ ಕಡಿಮೆಯಾದಷ್ಟೂ ಈ ಸಂಯುಕ್ತಗಳ ಆವಿ ಒಳಗೇ ಕೂಡಿಕೊಳ್ಳುತ್ತದೆ.

ನಿಖರ ಮಾಪನಕ್ಕೆ ಟೆನ್ಯಾಕ್ಸ್ ಎಂಬ ಹೀರುವಸ್ತು ತುಂಬಿದ ಕೊಳವೆಯ ಮೂಲಕ ಪಂಪಿನಿಂದ ಗಾಳಿ ಹಾಯಿಸುತ್ತಾರೆ. ಸಿಕ್ಕಿಬಿದ್ದ ಆವಿಯನ್ನು ಪ್ರಯೋಗಾಲಯದಲ್ಲಿ ಕಾಯಿಸಿ ಬಿಡಿಸಿ, ಗ್ಯಾಸ್ ಕ್ರೊಮ್ಯಾಟೋಗ್ರಫಿ ಹಾಗೂ ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ಬೆಂಜೀನ್, ಟಾಲ್ಯೂಯಿನ್‌ಗಳನ್ನು ಒಂದೊಂದಾಗಿ ಅಳೆಯುತ್ತಾರೆ. ಐಎಸ್‌ಒ 16000-6 ಇದರ ಮಾನಕ.

ಕೈಯಲ್ಲಿ ಹಿಡಿಯುವ ಫೋಟೋ ಅಯಾನೀಕರಣ ಉಪಕರಣ ಒಟ್ಟು ಮಟ್ಟವನ್ನು ತಕ್ಷಣ ತೋರಿಸುತ್ತದೆ. ಯಾವ ಆವಿಯೆಂದು ಹೇಳಲಾರದು. ಅದರ ರೂಢಿಯ 10.6 ಎಲೆಕ್ಟ್ರಾನ್ ವೋಲ್ಟ್ ದೀಪ ಫಾರ್ಮಾಲ್ಡಿಹೈಡನ್ನು ಪತ್ತೆಹಚ್ಚದು. ಅದನ್ನು ಅಳೆಯಲು ಡಿಎನ್‌ಪಿಎಚ್ ಎಂಬ ರಾಸಾಯನಿಕ ಲೇಪಿತ ಕಾರ್ಟ್ರಿಜ್ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಫಾರ್ಮಾಲ್ಡಿಹೈಡ್‌ಗೆ ಸೂಚಿಸಿದ ಮಿತಿ: 30 ನಿಮಿಷಗಳ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂ.