ಕ್ವೇಸಾರ್‌ಗಳ ಗುರುತ್ವ ಮಸೂರ ಮತ್ತು ಕಪ್ಪು ದ್ರವ್ಯ

ದೂರದ ಕ್ವೇಸಾರ್‌ನಿಂದ, ಅಂದರೆ ಅತಿ ಪ್ರಖರವಾದ ಗೆಲಾಕ್ಸಿ ಕೇಂದ್ರದಿಂದ, ಹೊರಟ ಬೆಳಕು ದಾರಿಯಲ್ಲಿರುವ ಗೆಲಾಕ್ಸಿಯ ಗುರುತ್ವಕ್ಕೆ ಬಾಗಿ, ನಮಗೆ ಎರಡೋ ನಾಲ್ಕೋ ಬಿಂಬಗಳಾಗಿ ಕಾಣುತ್ತದೆ. ಇದೇ ಗುರುತ್ವ ಮಸೂರ. ಬಿಂಬಗಳ ಸ್ಥಾನ, ಹೊಳಪು ಮತ್ತು ಕಾಲಾಂತರಗಳಿಂದ ಆ ಗೆಲಾಕ್ಸಿಯನ್ನು ಸುತ್ತುವರಿದ ಕಪ್ಪು ದ್ರವ್ಯದ ಹ್ಯಾಲೊವನ್ನು ಅಳೆಯಬಹುದು. ಕಪ್ಪು ದ್ರವ್ಯ ಬೆಳಕು ಸೂಸುವುದಿಲ್ಲ. ಆದರೆ ಬೆಳಕನ್ನು ಬಾಗಿಸುತ್ತದೆ.

ಆರಂಭ

ಗೆಲಾಕ್ಸಿಗಳು ಮಸೂರಗಳಾಗಬಲ್ಲವು ಎಂದು ಫ್ರಿಟ್ಜ್ ಜ್ವಿಕಿ 1937ರಲ್ಲೇ ಸೂಚಿಸಿದ್ದರು. 1979ರಲ್ಲಿ ಡೆನಿಸ್ ವಾಲ್ಶ್, ರಾಬರ್ಟ್ ಕಾರ್ಸ್‌ವೆಲ್, ರೇ ವೇಮನ್ ಅವರು ಸುಮಾರು 6 ಆರ್ಕ್‌ಸೆಕೆಂಡು ಅಂತರದ ಜೋಡಿ ಕ್ವೇಸಾರ್ 0957+561ರ ಎರಡೂ ಬಿಂಬಗಳ ರೋಹಿತ ಒಂದೇ ತೆರನಾಗಿರುವುದನ್ನು ಕಂಡರು. ಮೊದಲ ಮಸೂರ ಹೀಗೆ ಸಿಕ್ಕಿತು.

ಬೆಂಗಳೂರಿನ ಕೊಡುಗೆ

ಗೆಲಾಕ್ಸಿಗಳು ಮತ್ತು ಗೆಲಾಕ್ಸಿ ಗುಚ್ಛಗಳು ಕ್ವೇಸಾರ್‌ನ ಹಲವು ಬಿಂಬಗಳನ್ನು ಮೂಡಿಸುವ ಬಗೆಯನ್ನು ರಮೇಶ್ ನಾರಾಯಣ್, ರೋಜರ್ ಬ್ಲಾಂಡ್‌ಫರ್ಡ್ ಮತ್ತು ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಮ್ ನಿತ್ಯಾನಂದ ಅವರು 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಚರ್ಚಿಸಿದರು.

ವೀಕ್ಷಣೆಯ ಕೆಲಸಕ್ಕೆ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ನೆರವಾಯಿತು. ಅದು ಇರುವುದು ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ; ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಎಸ್‌ಡಿಎಸ್‌ಎಸ್ ಜೆ1001+5027 ಎಂಬ ಇಬ್ಬಿಂಬದ ಕ್ವೇಸಾರನ್ನು 2005ರ ಮಾರ್ಚ್‌ನಿಂದ 2011ರ ಜುಲೈವರೆಗೆ ಇದೂ ಸೇರಿ ಮೂರು ದೂರದರ್ಶಕಗಳು ಬೆನ್ನು ಹತ್ತಿ ನೋಡಿದವು. 443 ಅಳತೆಗಳು ಕೂಡಿದವು. ಒಂದು ಬಿಂಬದ ಹೊಳಪಿನ ಏರಿಳಿತ ಇನ್ನೊಂದರಲ್ಲಿ 119.3 ದಿನ ತಡವಾಗಿ ಮರುಕಳಿಸುತ್ತಿತ್ತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಇಂಥ ಕಾಲಾಂತರ ವಿಶ್ವ ಹಿಗ್ಗುವ ದರವನ್ನೂ ಹ್ಯಾಲೊದಲ್ಲಿ ದ್ರವ್ಯ ಹರಡಿರುವ ರೀತಿಯನ್ನೂ ಅವಲಂಬಿಸಿರುತ್ತದೆ. ಒಂದು ಗೊತ್ತಿದ್ದರೆ ಇನ್ನೊಂದನ್ನು ಅಂದಾಜಿಸಬಹುದು.

ಕಿರು ಹ್ಯಾಲೊಗಳ ಹುಡುಕಾಟ

ನಯವಾಗಿ ಹರಡಿದ ದ್ರವ್ಯದ ಮಾದರಿ ಬಿಂಬಗಳ ಸ್ಥಾನವನ್ನು ಸರಿಯಾಗಿ ಹೇಳಿದರೂ ಹೊಳಪಿನಲ್ಲಿ ತಪ್ಪುವುದುಂಟು. ಇದಕ್ಕೆ ಹ್ಯಾಲೊದೊಳಗಿನ ಗಂಟುಗಳು, ಅಂದರೆ ಕಿರು ಹ್ಯಾಲೊಗಳು, ಕಾರಣವಿರಬಹುದೆಂದು ಮಾವೊ ಮತ್ತು ಷ್ನೈಡರ್ 1998ರಲ್ಲಿ ತೋರಿಸಿದರು. ಮಸೂರ ಗೆಲಾಕ್ಸಿಯ ಬಿಡಿ ನಕ್ಷತ್ರಗಳೂ ಹೊಳಪನ್ನು ಕದಡುತ್ತವೆ. ಆದರೆ ರೇಡಿಯೊ ಅಲೆ ಹೊಮ್ಮಿಸುವ ಭಾಗ ದೊಡ್ಡದಾದ್ದರಿಂದ ಅದರ ಮೇಲೆ ನಕ್ಷತ್ರಗಳ ಪ್ರಭಾವ ಕಡಿಮೆ. ಹಾಗಾಗಿ ದಲಾಲ್ ಮತ್ತು ಕೊಚಾನೆಕ್ 2002ರಲ್ಲಿ ಹೆಚ್ಚಾಗಿ ರೇಡಿಯೊ ಮಸೂರಗಳೇ ಇದ್ದ, ನಾಲ್ಕು ಬಿಂಬಗಳ ಏಳು ಮಸೂರಗಳನ್ನು ಆಯ್ದುಕೊಂಡು, ಅಲ್ಲಿನ ದ್ರವ್ಯರಾಶಿಯ ಶೇ 0.6ರಿಂದ 7ರಷ್ಟು ಗಂಟುಗಳಲ್ಲಿದೆ ಎಂದು ಲೆಕ್ಕ ಹಾಕಿದರು.

ಕಪ್ಪು ದ್ರವ್ಯದ ಕಣಗಳು ನಿಧಾನವಾಗಿ ಚಲಿಸುವಂಥವಾದರೆ ಕಿರು ಹ್ಯಾಲೊಗಳು ಹೇರಳವಾಗಿರಬೇಕು, ವೇಗದವಾದರೆ ವಿರಳ. ತೀರ ಚಿಕ್ಕ ಹ್ಯಾಲೊಗಳಲ್ಲಿ ನಕ್ಷತ್ರಗಳೇ ಹುಟ್ಟಿರಲಿಕ್ಕಿಲ್ಲ. ಅಂಥವನ್ನು ಎಣಿಸಿ ಆ ಕಣಗಳ ಸ್ವಭಾವ ತಿಳಿಯಲು ಕ್ವೇಸಾರ್‌ನ ಬಾಗಿದ ಬೆಳಕು ಮುಖ್ಯ ದಾರಿಯಾಗಿದೆ.