ಮಳೆಯ ಸೆರೆ, ಮಳೆಯ ಕೋಟೆ

ಶೀತದೇಶಗಳ ಚರಿತ್ರೆಯನ್ನು ಓದಿದವರಿಗೆ ಹಿಮಪಾತದಿಂದ ಜನರು ಮನೆಯೊಳಗೇ ಸೆರೆಯಾದ ವೃತ್ತಾಂತಗಳು ಅಪರಿಚಿತವಲ್ಲ. 1888ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಅಮೆರಿಕಾ ದೇಶದ ನ್ಯೂಯಾರ್ಕ್ ಮೊದಲಾದ ನಗರಗಳು ಹಿಮದ ಬಿರುಗಾಳಿಗೆ ಸಿಕ್ಕಿ, ರೈಲುಗಳು ನಿಂತು, ತಂತಿಗಳು ಹರಿದು, ಜನರು ದಿನಗಟ್ಟಲೆ ಹೊಸ್ತಿಲನ್ನು ದಾಟಲಾರದೆ ಹೋದರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಮ್ಮ ಸೀಮೆಗೆ ಹಿಮವೆಂಬುದು ಕಾವ್ಯಗಳಿಂದ ತಿಳಿದ ವಸ್ತು ಮಾತ್ರ. ಆದರೆ ಅಲ್ಲಿ ಹಿಮವು ಮಾಡುವ ಕೆಲಸವನ್ನು ಇಲ್ಲಿ ಆಷಾಢ ಶ್ರಾವಣಗಳ ಮಳೆಯೂ ಹೊಳೆಯೂ ಮಾಡುತ್ತ ಬಂದಿವೆ. ಈ ಮಳೆಯ ಸೆರೆಯು ಯಾರಿಗೆ ಆಶ್ರಯವಾಯಿತು, ಯಾರಿಗೆ ಶಿಕ್ಷೆಯಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮಳೆಗಾಲದಲ್ಲಿ ಒಂದೆಡೆ ನಿಲ್ಲುವುದನ್ನು ನಮ್ಮ ಪೂರ್ವಿಕರು ಧರ್ಮವನ್ನಾಗಿಯೇ ಮಾಡಿದರು. ವಾಲಿವಧೆಯಾದ ಬಳಿಕ ಶ್ರೀರಾಮನಂತಹ ವೀರನೂ ಪ್ರಸ್ರವಣಗಿರಿಯ ಗುಹೆಯಲ್ಲಿ ವರ್ಷಾಕಾಲವು ಕಳೆಯುವವರೆಗೆ ಕಾದು ಕುಳಿತನೆಂದು ವಾಲ್ಮೀಕಿಮುನಿಗಳು ಹೇಳಿರುವರು. ಸಂನ್ಯಾಸಿಗಳಿಗೆ ಚಾತುರ್ಮಾಸ್ಯ, ಜೈನಮುನಿಗಳಿಗೆ ವರ್ಷಾಯೋಗ, ಬೌದ್ಧಭಿಕ್ಷುಗಳಿಗೆ ವರ್ಷಾವಾಸ ವಿಹಿತವಾಯಿತು. ಮಳೆಯಲ್ಲಿ ಅಲೆಯುವ ಭಿಕ್ಷುಗಳು ಹಸುರು ಹುಲ್ಲನ್ನೂ ಕ್ರಿಮಿಕೀಟಗಳನ್ನೂ ತುಳಿಯುವರೆಂದು ಜನರು ದೂರಿದ್ದರಿಂದ ಬುದ್ಧದೇವನು ಈ ನಿಯಮವನ್ನು ವಿಧಿಸಿದನೆಂದು ವಿನಯಪಿಟಕವು ತಿಳಿಸುತ್ತದೆ. ಸಂಚಾರವೇ ವ್ರತವಾಗಿದ್ದವರನ್ನೂ ನಿಲ್ಲಿಸಿದ ಋತುವು ಗೃಹಸ್ಥನನ್ನು ಬಿಟ್ಟೀತೆ?

ನಮ್ಮ ಸೀಮೆಯಲ್ಲಿ ಈ ಸೆರೆಗೊಂದು ವಿಶೇಷವುಂಟು. ಕೊಡಗಿನ ಭಾಗಮಂಡಲದಲ್ಲಿ ವರ್ಷಕ್ಕೆ ಸುಮಾರು 200 ಅಂಗುಲ ಮಳೆಯಾದರೆ, ಪೂರ್ವಕ್ಕಿಳಿದಂತೆ ಅದು ಕುಗ್ಗುತ್ತ ಕೃಷ್ಣರಾಜನಗರದ ಬಯಲಿಗೆ ಬರುವಷ್ಟರಲ್ಲಿ 30 ಅಂಗುಲದ ಆಸುಪಾಸಿಗೆ ನಿಲ್ಲುತ್ತದೆ. ಆದರೆ ಬ್ರಹ್ಮಗಿರಿ ಸಾಲಿನ ನೀರನ್ನು ಕಾವೇರಿಯೂ ಲಕ್ಷ್ಮಣತೀರ್ಥವೂ, ವೈನಾಡಿನ ನೀರನ್ನು ಕಪಿಲೆಯೂ ನಮ್ಮೂರುಗಳ ನಡುವೆಯೇ ಹೊತ್ತುತರುವುವು. ಆದಕಾರಣ ಮಳೆ ಅಲ್ಲಿ, ಸೆರೆ ಇಲ್ಲಿ! ತಲೆಯ ಮೇಲೆ ಬಿಸಿಲಿದ್ದರೂ ಹೊಳೆಯು ದಾರಿಯನ್ನು ಕಟ್ಟುವುದುಂಟು. ಸೇತುವೆಗಳಿಲ್ಲದ ಕಾಲದಲ್ಲಿ ಹರಿಗೋಲು ನಿಂತಿತೆಂದರೆ ಆಚೆಯ ದಡದ ಸಂತೆಯೂ ವೈದ್ಯನೂ ಬಂಧುಗಳೂ ದೂರದೇಶದವರಾಗುತ್ತಿದ್ದರು. ಆಶ್ಲೇಷಾ ಮಳೆ ಈಸಲಾರದ ಹೊಳೆ ಎಂಬ ಗಾದೆಯು ಈ ಅನುಭವದ ಸಾರ.

ಇದೇ ಮಳೆಯು ಒಮ್ಮೆ ರಾಜ್ಯವೊಂದಕ್ಕೆ ಕೋಟೆಯಾಯಿತು. 1791ನೆಯ ಇಸವಿಯ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲೀಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದನು. ಮುಂಬಯಿಯ ಸೈನ್ಯದೊಡನೆ ಜನರಲ್ ಅಬರ್‌ಕ್ರಾಂಬಿಯು ಕೊಡಗಿನ ಘಟ್ಟವನ್ನಿಳಿದು ಪಿರಿಯಾಪಟ್ಟಣವನ್ನು ಸೇರಿ ಅವನಿಗಾಗಿ ಕಾದಿದ್ದನು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲೀಸನು ಗೆದ್ದರೂ, ಮಳೆಯು ಮೊದಲಾಗಿದ್ದಿತು. ಇಂದು ಕೃಷ್ಣರಾಜಸಾಗರದ ಅಣೆಕಟ್ಟೆಯು ನಿಂತಿರುವ ಕನ್ನಂಬಾಡಿಯ ಬಳಿಗೆ ಅವನು ಬಂದಾಗ ಎತ್ತುಗಳು ಮೇವಿಲ್ಲದೆಯೂ ರೋಗದಿಂದಲೂ ಸತ್ತು, ಫಿರಂಗಿಗಳನ್ನು ಮನುಷ್ಯರೇ ಎಳೆಯಬೇಕಾಯಿತು. ಎರಡು ಸೈನ್ಯಗಳು ಕೂಡುವ ಆಸೆಯನ್ನು ಬಿಟ್ಟು, ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ, ಕಾರ್ನ್‌ವಾಲೀಸನು ಹಿಮ್ಮೆಟ್ಟಿದನು. ಅಬರ್‌ಕ್ರಾಂಬಿಯು ಸುರಿಯುವ ಮಳೆಯಲ್ಲಿ ಪಿರಿಯಾಪಟ್ಟಣದಿಂದ ಮಲೆಯಾಳಕ್ಕೆ ಮರಳಿದನು. ಮನೆಯಲ್ಲಿದ್ದವನಿಗೆ ಕೋಟೆಯಾದ ಮಳೆಯು ಮನೆಬಿಟ್ಟು ಬಂದವನಿಗೆ ಬಲೆಯಾಯಿತು.

ಆಂಗ್ಲರು ಈ ಪಾಠವನ್ನು ಮರೆಯಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿಯೇ ಬಂದು, ಮಾರ್ಚಿಯಲ್ಲಿ ಟೀಪೂಸುಲ್ತಾನನಿಂದ ಅರ್ಧರಾಜ್ಯವನ್ನು ಬರೆಸಿಕೊಂಡರು. 1799ರಲ್ಲಿಯೂ ಮುಂಬಯಿಯ ದಂಡು ಕೊಡಗಿನ ದಾರಿಯಲ್ಲಿಯೇ ಬಂದಿತು. ಮಾರ್ಚಿ 6ರಂದು ಪಿರಿಯಾಪಟ್ಟಣಕ್ಕೆ ಸಮೀಪದ ಸಿದ್ದೇಶ್ವರದಲ್ಲಿ ಟೀಪುವು ಅದನ್ನು ತಡೆಯಲೆತ್ನಿಸಿ ವಿಫಲನಾದನು. ಮಳೆಯು ಬಂದು ಕಾವೇರಿಯು ತುಂಬುವವರೆಗೆ ಕೋಟೆಯನ್ನು ಹಿಡಿದಿಟ್ಟರೆ ಶತ್ರುವು ತಾನಾಗಿಯೇ ತೊಲಗುವನೆಂಬುದು ಅವನ ಎಣಿಕೆ. ಆದರೆ ಮೇ 4ರ ಮಧ್ಯಾಹ್ನ ನದಿಯಲ್ಲಿ ನೀರು ಇನ್ನೂ ಕಡಮೆಯಿರುವಾಗಲೇ ಆಂಗ್ಲಸೈನಿಕರು ಕಾಲ್ನಡೆಯಿಂದ ಹೊಳೆಯನ್ನು ದಾಟಿ ಕೋಟೆಯನ್ನು ಹೊಕ್ಕರು. ಕೆಲವು ವಾರಗಳ ಅಂತರದಲ್ಲಿ ರಾಜ್ಯದ ಭಾಗ್ಯವೇ ತಿರುಗಿಹೋಯಿತು.

ಅರಸರ ಮಾತು ಹೀಗಾದರೆ ಗೃಹಸ್ಥರ ಮಾತೇನು? ಅವರ ಯುದ್ಧಸಿದ್ಧತೆಯು ಚೈತ್ರ ವೈಶಾಖಗಳಲ್ಲಿಯೇ ಆರಂಭವಾಗುತ್ತಿದ್ದಿತು. ಸೌದೆಯನ್ನೊಡೆದು ಒಟ್ಟುವುದು, ಬೆರಣಿಯನ್ನು ಒಣಗಿಸುವುದು, ಹುಲ್ಲಿನ ಬಣವೆಯನ್ನು ಭದ್ರಪಡಿಸುವುದು, ಹೆಂಚನ್ನು ಕೈಯಾಡಿಸುವುದು ಗಂಡಸರ ಪಾಲು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹುಣಿಸೆಹಣ್ಣು, ಹುರುಳಿಗಳನ್ನು ಅಣಿಮಾಡುವುದು ಹೆಂಗಸರ ಪಾಲು. ರಾಗಿಯು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಹಗೇವಿನ ಬಾಯಿಯನ್ನು ತೆರೆದೊಡನೆ ಇಳಿದರೆ ಒಳಗಿನ ಕೆಟ್ಟ ಗಾಳಿಯಿಂದ ಪ್ರಾಣಾಪಾಯವುಂಟೆಂದು ತಿಳಿದಿದ್ದ ಹಿರಿಯರು, ಸ್ವಲ್ಪ ಕಾಲ ಗಾಳಿಯಾಡಲು ಬಿಟ್ಟ ಮೇಲೆಯೇ ಆಳನ್ನು ಇಳಿಸುತ್ತಿದ್ದರು. ಇಷ್ಟೆಲ್ಲ ಇದ್ದ ಮನೆಗೆ ಮಳೆಯು ವಿರಾಮವನ್ನೇ ತರುತ್ತಿದ್ದಿತು. ಜಗಲಿಯಲ್ಲಿ ಕುಮಾರವ್ಯಾಸನ ಭಾರತವನ್ನೋ ಜೈಮಿನಿಭಾರತವನ್ನೋ ಒಬ್ಬರು ವಾಚಿಸಿದರೆ, ಕಂಬಳಿಯ ಕೊಪ್ಪೆ ಹೊದ್ದ ನೆರೆಯವರು ಬಂದು ಕೇಳುವರು. ಅಕ್ಷರ ಬಾರದವರಿಗೂ ನಮ್ಮ ಮಹಾಕಾವ್ಯಗಳು ಕಂಠಸ್ಥವಾದುದು ಬಹುಮಟ್ಟಿಗೆ ಈ ಶ್ರಾವಣದ ಸೆರೆಯಲ್ಲಿಯೇ.

ಆದರೆ ಕಣಜವುಳ್ಳವರ ನೆನಪನ್ನೇ ಚರಿತ್ರೆಯೆಂದು ಬಗೆಯಬಾರದು. ರಾಗಿಯ ಕೊಯ್ಲು ಕಾರ್ತಿಕ ಮಾರ್ಗಶಿರಗಳದು. ಆದ್ದರಿಂದ ಕೂಲಿಯವನ ಗುಡಾಣವು ಬರಿದಾಗುವುದು ಸರಿಯಾಗಿ ಈ ಮಳೆಗಾಲದಲ್ಲಿಯೇ. ಎಡೆಬಿಡದೆ ಮಳೆ ಹಿಡಿದರೆ ಹೊಲದಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಸುಗ್ಗಿಯಲ್ಲಿ ಹೆಚ್ಚಿಗೆ ಸೇರಿಸಿ ಅಳೆದುಕೊಡುವ ಕರಾರಿನ ಮೇಲೆ ರಾಗಿಯನ್ನು ಕಡ ತಂದವನ ಸಾಲವು ಅನೇಕ ವೇಳೆ ಮಕ್ಕಳ ಕಾಲಕ್ಕೂ ತೀರುತ್ತಿರಲಿಲ್ಲ. ಹೆಗ್ಗಡದೇವನಕೋಟೆಯ ಕಾಡಿನ ಕುರುಬರಿಗೆ ಆಗ ಗೆಣಸು, ಅಣಬೆ, ಬಿದಿರ ಕಳಲೆಗಳೇ ಆಧಾರ. ಒಂದೇ ಮಳೆಯು ಒಂದು ಮನೆಯಲ್ಲಿ ಪುರಾಣಶ್ರವಣಕ್ಕೂ ಪಕ್ಕದ ಮನೆಯಲ್ಲಿ ಉಪವಾಸಕ್ಕೂ ಕಾರಣವಾಗುತ್ತಿದ್ದಿತು.

ಹೊಳೆಯು ಕೆಲವೊಮ್ಮೆ ಮನೆಯನ್ನೇ ಉಳಿಸದೆ ಹೋದುದುಂಟು. ಕಾವೇರಿಯ ಪ್ರವಾಹಗಳಿಂದ ನೊಂದ ಎಡತೊರೆಯನ್ನು ಬಿಟ್ಟು, ದಡದಿಂದ ದೂರದಲ್ಲಿ ನಿರ್ಮಿತವಾದ ಊರೇ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಧರಿಸಿದ ಕೃಷ್ಣರಾಜನಗರ. ಪುರಾತನವಾದ ಅರ್ಕೇಶ್ವರಸ್ವಾಮಿಯ ದೇವಾಲಯವು ಮಾತ್ರ ಹೊಳೆಯ ದಡದಲ್ಲಿಯೇ ಉಳಿದಿದೆ. ಅಣೆಕಟ್ಟೆಗಳಿಂದ ಭಯವು ಅಳಿಯಿತೆಂದು ಹೇಳುವಂತಿಲ್ಲ. 1974ರಲ್ಲಿ ಪೂರ್ಣಗೊಂಡ ಕಪಿಲೆಯ ಜಲಾಶಯಕ್ಕಾಗಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಊರುಗಳೇ ಮುಳುಗಿ, ಅನೇಕ ಕುಟುಂಬಗಳು ಮನೆಮಠಗಳನ್ನು ತೊರೆದುವು. 2019ರ ಆಗಸ್ಟಿನಲ್ಲಿ, ಅದೇ ಆಶ್ಲೇಷಾ ಮಳೆಯಲ್ಲಿ, ಈ ಜಲಾಶಯದಿಂದ ಸೆಕೆಂಡಿಗೆ 1 ಲಕ್ಷ ಘನ ಅಡಿಗೂ ಮಿಕ್ಕ ನೀರನ್ನು ಹೊರಬಿಡಬೇಕಾಯಿತು. ಲಕ್ಷ್ಮಣತೀರ್ಥವು ಉಕ್ಕಿ ಹುಣಸೂರಿನ ತಗ್ಗಿನ ಬಡಾವಣೆಗಳನ್ನು ಹೊಕ್ಕಿತು. ಆಗ ಮೊದಲು ಕುಸಿದುವು ಬಡವರ ಮಣ್ಣುಗೋಡೆಗಳೇ.

ಮೇಲಿನ ವೃತ್ತಾಂತಗಳಿಂದ ತಿಳಿಯುವುದಿಷ್ಟು: ಮಳೆಯು ಎಲ್ಲರಿಗೂ ಸಮನಾಗಿ ಸುರಿದರೂ ಅದು ಸೆರೆಯಾಗುವುದೋ ಕೋಟೆಯಾಗುವುದೋ ಎಂಬುದನ್ನು ನಿರ್ಣಯಿಸುವುದು ಮನೆಯ ಗೋಡೆ, ಒಲೆಯ ಸೌದೆ ಮತ್ತು ಗುಡಾಣದ ರಾಗಿ. ದಂಡಿನ ನಾಯಕರು ಒಂದು ಸೋಲಿನಿಂದ ಇದನ್ನು ಕಲಿತರು. ಗ್ರಾಮಗಳು ಎಷ್ಟೋ ಪ್ರವಾಹಗಳನ್ನು ಕಂಡಿವೆ. ಪ್ರತಿವರ್ಷವೂ ಮೃಗಶಿರಾ ಮಳೆಗೆ ಮುನ್ನ ನಮ್ಮ ಮನೆಯ ಹೆಂಚನ್ನು ಕೈಯಾಡಿಸುವಾಗ ನೆರೆಯವನ ಗೋಡೆಯ ಕಡೆಗೂ ಒಮ್ಮೆ ನೋಡುವುದು ವಿದ್ಯಾವಂತರಾದ ಗೃಹಸ್ಥರಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ.